ಗೋಡೆಯಿಂದ ಇಳಿದ ಕಾಡು

ಹೋದ ವಾರ ಕೆಳಗಿನ ಮನೆಯ ಬಾಲ್ಕನಿಯಿಂದ ಒಂದು ನಾತ ಮೇಲೆ ಬಂತು. ಶೇಂಗಾ ಹಿಂಡಿ ನೆನೆಸಿಟ್ಟು ಕೊಳೆಸಿದ ನಾತ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ನೀರಿಗೆ ಹಾಕಿ, ಕೆಲವು ದಿನ ಬಿಸಿಲಿಗಿಟ್ಟು, ಆ ನೀರನ್ನು ಗಿಡಕ್ಕೆ ಹನಿಸುತ್ತಾರೆ. ಗಿಡಕ್ಕೆ ಹಬ್ಬ, ಮನುಷ್ಯರ ಮೂಗಿಗೆ ಶಿಕ್ಷೆ. ಬಿಲ್ಡಿಂಗಿನವರೆಲ್ಲ ದಡದಡ ಕಿಟಕಿ ಮುಚ್ಚಿಕೊಂಡರು. ನಾನು ಒಗೆದ ಸೀರೆ ಮಡಚುತ್ತಿದ್ದವಳು ಅದನ್ನು ಅರ್ಧಕ್ಕೆ ಬಿಟ್ಟು ಹೋಗಿ ಕಿಟಕಿಯನ್ನು ಪೂರ್ತಿ ತೆರೆದೆ. ಕೆಲಸ ಅರ್ಧಕ್ಕೆ ಬಿಡುವ ಅಭ್ಯಾಸ ನನಗಿಲ್ಲ. ಆಸ್ಪತ್ರೆಯ ವಾರ್ಡುಗಳಲ್ಲಿ ಆಯುಷ್ಯ ಕಳೆದವಳು ನಾನು. ಹೊದಿಕೆಯ ಒಂದು ಮೂಲೆ ಸೊಟ್ಟಗಿದ್ದರೂ ಮಲಗಲಾರೆ. ಆದರೆ ಅವತ್ತು ಸೀರೆ ಹಾಗೆಯೇ ಉಳಿಯಿತು. ಆ ನಾತದ ಬೆನ್ನಿಗೇ ಮುಂಬೈ ಘಾಟ್ಕೋಪರ್‌ನ ಸಾಲುಕೋಣೆಗಳ ನಮ್ಮ ಚಾಳು, ಅದರ ಮರದ ಗ್ಯಾಲರಿ, ಗ್ಯಾಲರಿಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಡಬ್ಬಿಯೊಳಗೆ ಕೋಲು ತಿರುವುತ್ತಿದ್ದ ಕಾಕು...

ಕಾಕು ನಮಗೆ ನೆಂಟರಲ್ಲ. ಚಾಳಿನ ಮರಾಠಿಯವರು, ಗುಜರಾತಿಯವರು, ನಮ್ಮಂಥ ಕನ್ನಡದವರು, ಎಲ್ಲರೂ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದೆವು. ಐವತ್ತರ ದಶಕದ ಮಾತು. ನಮ್ಮದು ಉಡುಪಿ ಕಡೆಯ ಮನೆತನ. ಅಪ್ಪ ಸ್ಟೇಷನ್ ಹತ್ತಿರದ ಹೊಟೇಲೊಂದರಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದರು. ಕಾಕು ವಿಜಾಪುರ ಕಡೆಯವರು. ಗಂಡ ಮಿಲ್ಲಿನಲ್ಲಿದ್ದವರು ಬೇಗ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಊರಿಗೆ ಬಾ ಎಂದು ಮೈದುನಂದಿರು ಕರೆದರೂ ಹೋಗಲಿಲ್ಲವಂತೆ. ತಮ್ಮ ಕಡೆಯ ಒಂಟಿ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಕೊಟ್ಟು ಜೀವನ ಮಾಡುತ್ತಿದ್ದರು. ಬೆಳಗಿನ ಹೊತ್ತು ಅವರ ಖೋಲಿಯಿಂದ, ಅಂದರೆ ಕೋಣೆಯಿಂದ, ಬರುವ ಪಟಪಟ ಸದ್ದಿಗೇ ನಾವು ಏಳುತ್ತಿದ್ದುದು. ಎತ್ತರದ ಹೆಂಗಸು, ದೊಡ್ಡ ದನಿ, ತಲೆಯ ಮೇಲೆ ಸೆರಗು. ಯಾರ ಮುಂದೆಯೂ ಆ ದನಿಯನ್ನು ತಗ್ಗಿಸಿದ್ದನ್ನು ನಾನು ಕಾಣೆ.

ಚಾಳಿನ ಗೋಡೆ ಸುಣ್ಣದ ಗಾರೆಯದು. ಹಳೆಯ ಸುಣ್ಣದ ಗೋಡೆ ಎಂದರೆ ಅರಳಿಗೆ ತವರುಮನೆ. ಕಾಗೆ ಗೊರವಂಕಗಳು ಎಲ್ಲೋ ಅರಳಿಹಣ್ಣು ತಿಂದು ನಮ್ಮ ಗೋಡೆಯ ಮೇಲೆ ಕೂತು ಹಿಕ್ಕೆ ಹಾಕುವವು. ಮಳೆಗಾಲ ಬಂದರೆ ಬಿರುಕಿನಲ್ಲಿ, ಕಿಟಕಿಯ ಕೆಳಗೆ, ಮೋರಿಯ ನೀರು ಹೋಗುವ ಕೊಳವೆಯ ಬಾಯಲ್ಲಿ ಕೆಂಪು ಎಳೆ ಎಲೆ ಅಲ್ಲಾಡತೊಡಗುತ್ತಿತ್ತು. ನೋಡಲು ಚೆಂದ. ಆದರೆ ಅದರ ಬೇರು ಗೋಡೆಯನ್ನು ಸೀಳುತ್ತದೆ, ಸೀಳಿದಲ್ಲಿ ನೀರು ಸೋರುತ್ತದೆ. ಕೀಳಲೇಬೇಕು. ಕೀಳುವವರು ಯಾರು?

ಇಲ್ಲಿ ಚಾಳೆಲ್ಲ ಒಂದೇ ಮಾತಿನದು. ಅರಳಿಮರ ದೇವರು, ಅದನ್ನು ಸ್ವಂತ ಕೈಯಿಂದ ಕಿತ್ತರೆ ಮನೆ ಬೆಳೆಯುವುದಿಲ್ಲ. ಬಾಡಿಗೆ ವಸೂಲಿಗೆ ಬರುತ್ತಿದ್ದ ಮಾಲೀಕನ ಮುನೀಮ್‌ಜಿ, “ನಿಮ್ಮ ಖೋಲಿಯ ಗೋಡೆ, ನೀವೇ ಕೀಳಿ” ಅನ್ನುವರು. ಬಾಡಿಗೆಯವರು, “ನಿಮ್ಮ ಬಿಲ್ಡಿಂಗು, ನೀವೇ ಕೀಳಿಸಿ” ಅನ್ನುವರು. ಹೀಗೆ ಜಗ್ಗಾಡಿ ಜಗ್ಗಾಡಿ ಯಾರೋ ಒಂದು ಉಪಾಯ ಕಂಡುಹಿಡಿದಿದ್ದರು. ಕಾಕುವನ್ನು ಕರೆಯುವುದು. ನಮ್ಮ ಮೋರಿಯಲ್ಲಿ, ಅಂದರೆ ಖೋಲಿಯ ಮೂಲೆಯ ಬಚ್ಚಲಲ್ಲಿ, ಅರಳಿ ಹುಟ್ಟಿದಾಗ ಅಮ್ಮನೂ ಅದನ್ನೇ ಮಾಡಿದಳು.

“ಪಾಪ ಅಲ್ವಾ ಅಮ್ಮ, ಅವರಿಗೆ ತಟ್ಟುವುದಿಲ್ವಾ?” ಎಂದು ಕೇಳಿದ್ದೆ.

“ತಟ್ಟಿದರೆ ಅವರದ್ದು ಹೋಗುವಂಥಾದ್ದು ಎಂತ ಉಂಟು? ಗಂಡನಾ, ಮಕ್ಕಳಾ? ನಾವು ಸಂಸಾರಸ್ಥರು ಮಾರಾಯ್ತಿ” ಅಂದಳು ಅಮ್ಮ. ಮೆಲ್ಲಗೆ ಏನೂ ಹೇಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಕಾಕುವಿಗೆ ಕೇಳಿಸಿಯೇ ಇರಬೇಕು. ಅವರು ಒಳಗೆ ಬಂದು ಮೋರಿಯ ಮುಂದೆ ಕೂತರು.

ನಾನಾಗ ಮ್ಯಾಟ್ರಿಕ್ ಮುಗಿಸಿ, ಗಂಡು ಹುಡುಕುವವರೆಗೆ ಎಂದು ಮನೆಯಲ್ಲಿ ಕೂತಿದ್ದೆ. ಹಾಗಾಗಿ ಅವರ ಕೆಲಸವನ್ನು ಮೊದಲಿಂದ ಕೊನೆಯವರೆಗೆ ನೋಡಿದೆ. ಕಾಕು ಗಿಡವನ್ನು ಎಳೆಯಲಿಲ್ಲ. ಒಂದು ಗೋಣಿತಾಟನ್ನು ನೆನೆಸಿ ಗೋಡೆಗೆ ಒತ್ತಿ ಇಟ್ಟು ಹೋದರು. ಮಾರನೆಯ ದಿನ ಬಂದು ಮುರಿದ ಛತ್ರಿಯ ಕಡ್ಡಿಯಿಂದ ನೆನೆದ ಗಾರೆಯನ್ನು ಚೂರುಚೂರೇ ಕೆರೆದರು. ಮತ್ತೆ ತಾಟು ಒತ್ತಿದರು. ಅಮ್ಮನಿಗೆ ರೇಗಿತು.

“ಒಂದು ಗಿಡ ಕೀಳಲಿಕ್ಕೆ ಎಷ್ಟು ದಿನ ಕಾಕು? ನನಗೆ ಪಾತ್ರೆ ತೊಳೆಯಲಿಕ್ಕೆ ಜಾಗ ಇಲ್ಲ.”

“ಹಲ್ಲ ಕೀಳಾಂವ ಸೈತ ಮೊದಲ ಬಾಯಿ ತೆರೀರಿ ಅಂತಾನವಾ. ಗ್ವಾಡಿ ಬಾಯಿ ತೆರೀಬೇಕಲಾ!” ಅಂದರು ಕಾಕು.

ಗೋಡೆ ಕೊನೆಗೂ ಬಾಯಿ ತೆರೆಯಿತು. ಕೂದಲಿನಂಥ ಎಳೆಬೇರೂ ಹರಿಯದಂತೆ ಗಿಡ ಇಡಿಯಾಗಿ ಹೊರಗೆ ಬಂತು. ಗೋಡೆಯೊಳಗೆ ಸಿಕ್ಕಿಕೊಂಡಿದ್ದ ಬೇರು ಚಪ್ಪಟೆಯಾಗಿ, ಮುದುಕಿಯ ಕೈಯ ಹಾಗೆ ಗಂಟುಗಂಟಾಗಿತ್ತು. ಕಾಕು ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸೆರಗಿನಡಿ ಇಟ್ಟುಕೊಂಡು ಹೊರಟುಹೋದರು. ಎಲ್ಲಿ ಎಸೆಯುತ್ತೀರಿ ಎಂದು ಅಮ್ಮ ಕೇಳಲಿಲ್ಲ. ಚಾಳಿನಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ. ಕೇಳಿದರೆ ಪಾಪದಲ್ಲಿ ಪಾಲು ಬಂದೀತಲ್ಲ.

ನನಗೆ ತಡೆಯಲಿಲ್ಲ. ಹಿಂದೆಯೇ ಹೋದೆ. ಅವರ ಖೋಲಿ ಗ್ಯಾಲರಿಯ ಕಟ್ಟಕಡೆಯದು. ಅದರಾಚೆ, ನೀರಿನ ಟಾಕಿಯ ಪಕ್ಕ, ಯಾರೂ ಹೋಗದ ಒಂದು ಮೂಲೆ. ಅಲ್ಲಿ ಸಾಲಾಗಿ ತುಕ್ಕು ಹಿಡಿದ ವನಸ್ಪತಿ ಡಬ್ಬಿಗಳು. ಒಂದೊಂದರಲ್ಲೂ ಒಂದೊಂದು ಅರಳಿ. ಗೇಣುದ್ದದವು, ಮೊಳದುದ್ದದವು. ಕೆಲವಕ್ಕೆ ಎಷ್ಟೋ ವರ್ಷವಾಗಿತ್ತು. ಕಾಂಡ ದಪ್ಪವಾಗಿ, ತೊಗಟೆ ಒಡೆದು, ದೊಡ್ಡ ಮರವನ್ನು ಯಾರೋ ದೂರದಲ್ಲಿ ನಿಲ್ಲಿಸಿದ ಹಾಗೆ ಕಾಣುತ್ತಿದ್ದವು.

“ಇವೆಲ್ಲ ಬದುಕಿವೆಯಾ ಕಾಕು!”

“ಮತ್ತ? ಕಿತ್ತು ಕೊಡು ಅಂದ್ರು, ಕಿತ್ತು ಕೊಟ್ಟೆ. ಕೊಲ್ಲತೀನಿ ಅಂತ ನಾ ಯಾವಾಗ ಹೇಳೀನಿ? ಇದು ನೋಡು, ಮೂಲಿ ಖೋಲಿ ಮಾವಶಿ ಕಿಡಕಿ ಕೆಳಗಿಂದು. ಇದು ಜಿನೀ ಸಂದ್ಯಾಗಿಂದು. ಇದು ನಿಮ್ಮ ಮೋರ್ಯಾಗಿಂದು, ಇನ್ನ ಕೂಸು.”

ಯಾವ ಗಿಡ ಯಾರ ಗೋಡೆಯದು ಎಂಬುದು ಅವರಿಗೆ ಬಾಯಿಪಾಠವಾಗಿತ್ತು. ಜಿನೀ ಅಂದರೆ ಜಿನೆ, ನಮ್ಮ ಮರದ ಮೆಟ್ಟಿಲು.

ಬೋನ್ಸಾಯ್ ಎಂಬ ಶಬ್ದವನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ. ಕಾಕು ಅದನ್ನು ಕೇಳಿಯೇ ಇರಲಿಲ್ಲ. ಅವರಿಗೆ ಗೋಡೆಯೇ ಹೇಳಿಕೊಟ್ಟಿತ್ತು. ಬಿರುಕಿನಲ್ಲಿ ಮಣ್ಣಿಲ್ಲ, ಆದ್ದರಿಂದ ಗಿಡ ಬೆಳೆಯುವುದಿಲ್ಲ. ಬೆಳೆಯದಿದ್ದರೂ ಸಾಯುವುದಿಲ್ಲ, ವಯಸ್ಸಾಗುತ್ತ ಹೋಗುತ್ತದೆ. ಇದನ್ನು ಕಂಡುಕೊಂಡ ಮೇಲೆ ಉಳಿದದ್ದನ್ನು ಅವರು ಕೈಯಿಂದ ಕಲಿತರು. ಮಳೆ ಶುರುವಾದಾಗ ಗಿಡ ಎತ್ತಿ ದಪ್ಪಬೇರು ಕತ್ತರಿಸಿ ಎಳೆಬೇರು ಉಳಿಸುವರು. ಕತ್ತರಿಸಿದಲ್ಲಿ ಹಾಲು ಸುರಿದರೆ ಇದ್ದಿಲ ಪುಡಿ ಮೆತ್ತುವರು. ಕುಡಿ ಚಿವುಟುವರು. ಒಂದು ಹೊತ್ತಿನಲ್ಲಿ ತೊಟ್ಟು ಮಾತ್ರ ಬಿಟ್ಟು ಎಲೆಗಳನ್ನೆಲ್ಲ ಕತ್ತರಿಸಿಬಿಡುವರು. ಮತ್ತೆ ಬರುವ ಎಲೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪವೇ ದೊಡ್ಡದು. ಅಷ್ಟು ಚಿಕ್ಕ ಎಲೆಗೂ ಅರಳಿಯ ಬಾಲ ಇದ್ದೇ ಇರುತ್ತಿತ್ತು.

ಆ ವರ್ಷ ಹೊಸದೊಂದು ಕಟ್ಟಡದ ಹತ್ತಿರ ಮೂಲೆ ಮುರಿದ ಶಹಾಬಾದಿ ಕಲ್ಲೊಂದು ಬಿದ್ದಿತ್ತು. ನೆಲಕ್ಕೆ ಹಾಸುವ ಚಪ್ಪಟೆ ಕಲ್ಲು. ಕಾಕು ತಮ್ಮಲ್ಲಿ ರೊಟ್ಟಿ ತಿನ್ನುವ ಗಂಡಸರಿಂದ ಅದನ್ನು ಹೊರಿಸಿ ತಂದು ಇಟ್ಟಿಗೆಯ ಮೇಲೆ ಕೂರಿಸಿದರು. ಕಲ್ಲಿನ ಅಂಚಿಗೆ ಜಿಗುಟು ಮಣ್ಣು, ಸಗಣಿ ಕಲಸಿ ಬೆರಳೆತ್ತರದ ಕಟ್ಟೆ ಕಟ್ಟಿದರು. ಒಳಗೆ ಇಟ್ಟಿಗೆಪುಡಿ ಬೆರೆಸಿದ ಮಣ್ಣು ಹಾಕಿ ದಿಣ್ಣೆ ಮಾಡಿದರು. ಆಮೇಲೆ ಡಬ್ಬಿಗಳಿಂದ ಒಂದೊಂದೇ ಮರ ಎತ್ತಿ ಕಲ್ಲಿನ ಮೇಲೆ ಇಡತೊಡಗಿದರು. ನನಗೂ ಒಂದಿಷ್ಟು ಕೊಟ್ಟು ಇಡು ಅಂದರು. ನಾನು ಶಿಸ್ತಾಗಿ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ.

“ಇದೇನವಾ, ಸಾಲಿ ಹುಡುಗೂರ ಕವಾಯತು ನಿಂದ್ರಿಸಿದಿ?” ಎಂದು ಎಲ್ಲವನ್ನೂ ಕಿತ್ತು ಪಕ್ಕಕ್ಕಿಟ್ಟರು. “ಕಾಡ ಅಂದ್ರ ಒಂದರ ಮ್ಯಾಲ ಒಂದು ಬಿದ್ದಂಗ ಇರಬೇಕು, ಆದ್ರ ಒಂದ ಇನ್ನೊಂದನ್ನ ಮುಚ್ಚಬಾರದು. ದೊಡ್ಡಾವು ಮುಂದ, ಸಣ್ಣಾವು ಹಿಂದ. ಆಗ ನೋಡು, ಒಳಗ ಎಷ್ಟ ದೂರ ಕಾಣ್ತೈತಿ.”

ಕಂಡಿತು. ದೊಡ್ಡ ಕಾಂಡಗಳ ನಡುವಿನಿಂದ ಹಾಯ್ದು ನೋಟ ಚಿಕ್ಕ ಮರಗಳ ಹಿಂದೆ ಎಲ್ಲೋ ಕಳೆದುಹೋಗುತ್ತಿತ್ತು. ಬೇರುಗಳನ್ನು ಸುತಳಿಯಿಂದ ಕಲ್ಲುಚೂರುಗಳಿಗೆ ಕಟ್ಟಿ, ಮಣ್ಣು ಮುಚ್ಚಿ, ನಳದ ಹತ್ತಿರದ ಗೋಡೆಯಿಂದ ಹಸಿರು ಪಾಚಿ ಕೆರೆದು ತಂದು ಹಾಸಿದರು. ನಡುವೆ ಒಂದು ಸಣ್ಣ ಹಾದಿ ಬಿಟ್ಟರು. ಅದನ್ನು ಮುಂದಿನಿಂದ ಶುರುಮಾಡಿ ಮರಗಳ ಹಿಂದೆ ತಿರುಗಿಸಿ ಬಿಟ್ಟಿದ್ದರು. ಎಲ್ಲಿ ಹೋಗುತ್ತದೆಂದು ಕಾಣುತ್ತಿರಲಿಲ್ಲ.

“ಇದು ನಿಮ್ಮ ಊರಿನ ಕಾಡಾ ಕಾಕು?”

ಅವರು ಜೋರಾಗಿ ನಕ್ಕರು. “ನಮ್ಮ ಕಡೆ ಕಾಡ ಎಲ್ಲೈತಿ? ಜಾಲಿಗಿಡದ ನೆರಳಿನ್ಯಾಗ ಬೆಳದಾಕಿ ನಾ. ಲಗ್ನಾಗಿ ಮುಂಬೈಗೆ ಬರೂಮುಂದ ಖಂಡಾಳಾ ಘಾಟಿನ್ಯಾಗ ಗಾಡಿ ನಿಂತಿತ್ತು. ಮಂಜು ಬಿದ್ದಿತ್ತು. ಕಿಡಕ್ಯಾಗಿಂದ ಕಂಡ್ತು. ಇಳದು ಒಳಗ ಹೋಗಿ ಬರಬೇಕು ಅನಸ್ತು. ಅಷ್ಟರಾಗ ಗಾಡಿ ಬಿಡ್ತು ನೋಡು...”

ಅಮ್ಮನಿಗೆ ವಿಷಯ ತಿಳಿಯಲು ಹೆಚ್ಚು ದಿನ ಬೇಕಾಗಲಿಲ್ಲ. ಚಾಳಿಗೂ ತಿಳಿಯಿತು. ಮೊದಮೊದಲು ಬರಿಯ ಕುಹಕ. “ಕಾಕು, ನಿಮ್ಮ ಕಾಡಿನಲ್ಲಿ ಹುಲಿ ಬಂತಾ?” ಎಂದು ಗಂಡಸರು ಕೇಳುವರು. “ಬಂದೈತಿ, ಬಾಡಗಿ ಕೇಳ್ಳಾಕ” ಅನ್ನುವರು ಕಾಕು. ಒಬ್ಬರು, ಬೆಳೆಯುವ ಮರವನ್ನು ಕುಳ್ಳು ಮಾಡಿ ಕೂಡಿಹಾಕುವುದು ಕ್ರೂರತನ ಎಂದರು. ಕಾಕು ಅವರನ್ನು ಮೇಲಿಂದ ಕೆಳಗೆ ನೋಡಿ, “ಒಂದು ಖೋಲ್ಯಾಗ ಎಂಟು ಮಂದಿ ಮಲಗ್ತೀರಿ. ನಿಮ್ಮನ್ನ ಯಾರ ಕೂಡಿ ಹಾಕ್ಯಾರ?” ಅಂದರು.

ಕುಹಕ ಸಿಟ್ಟಾದದ್ದು ಮಾವಶಿಯ ಸೊಸೆಗೆ ಗರ್ಭ ನಿಲ್ಲದೆ ಹೋದಾಗ. ಮಾವಶಿ ನಮ್ಮ ಪಕ್ಕದ ಮೂಲೆ ಖೋಲಿಯ ಮರಾಠಿ ಹೆಂಗಸು, ಒಳ್ಳೆಯವರೇ. ಸೊಸೆಯ ಹೊಟ್ಟೆಯಲ್ಲಿದ್ದದ್ದು ಐದು ತಿಂಗಳಾಗಿ ಹೋಯಿತು. ದುಃಖಕ್ಕೆ ಒಂದು ಕಾರಣ ಬೇಕು. ಯಾರೋ ಹೇಳಿದರು: ನಿಮ್ಮ ಕಿಟಕಿಯ ಅರಳಿಯನ್ನು ಆ ಕಾಕು ಕೊಂದಿಲ್ಲ, ಸೆರೆಯಲ್ಲಿಟ್ಟು ಅದರ ಕುಡಿ ಚಿವುಟುತ್ತಿದ್ದಾಳೆ. ಕುಡಿ ಚಿವುಟಿದರೆ ಕುಡಿಯೇ ಹೋಗುತ್ತದೆ, ಇನ್ನೇನು? ಒಬ್ಬರ ಬಾಯಿಂದ ಒಬ್ಬರಿಗೆ ಹೋಗುತ್ತ ಅದು ನಿಜವೇ ಆಗಿಬಿಟ್ಟಿತು. ನಮ್ಮ ಮೋರಿಯ ಗಿಡವೂ ಅಲ್ಲಿದೆಯಲ್ಲ ಎಂದು ಅಮ್ಮ ನನ್ನನ್ನು ಆ ಕಡೆ ಹೋಗದಂತೆ ತಡೆದಳು. ಕಾಕುವಿನ ರೊಟ್ಟಿಯ ಗಿರಾಕಿಗಳೂ ಕಡಿಮೆಯಾದರು.

ಮುನೀಮ್‌ಜಿಗೆ ಇಷ್ಟು ಸಾಕಾಯಿತು. ಕಾಕುವನ್ನು ಆ ಖೋಲಿಯಿಂದ ಎಬ್ಬಿಸಬೇಕೆಂದು ಅವರಿಗೆ ಮೊದಲಿನಿಂದ ಇತ್ತು. ಗ್ಯಾಲರಿಯಲ್ಲಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಿದರು: “ಕಾಕು, ಬಹುತ್ ಹೋ ಗಯಾ. ಇತವಾರ್ ತಕ್ ಯೇ ಜಂಗಲ್ ಹಟಾವ್. ನಹೀಂ ತೋ ಪತ್ಥರ್ ಕೇ ಸಾಥ್ ನೀಚೇ ಫೇಂಕ್ ದೇಗಾ.” ಭಾನುವಾರದೊಳಗೆ ಕಾಡು ಹೋಗದಿದ್ದರೆ ಕಲ್ಲು ಸಮೇತ ಕೆಳಗೆ ಎಸೆಯುವುದಾಗಿ ಆಜ್ಞೆ.

ಕಾಕು ಕಲ್ಲಿಗೆ ನೀರು ಚಿಮುಕಿಸುತ್ತಿದ್ದರು. ತಲೆಯೆತ್ತದೆ, “ಕೌನ್ ಫೇಂಕೇಗಾ?” ಅಂದರು.

“ಹಮ್ ಫೇಂಕೇಗಾ!”

“ಆಜಾವ್ ಇತವಾರ ದಿನಾ. ಚಾ ಕುಡದು ಬಾರಪ್ಪಾ, ಭಾಳ ವಜ್ಜೆ ಐತಿ.”

ಶನಿವಾರ ಸಂಜೆ ಅಮ್ಮನ ಕಣ್ಣು ತಪ್ಪಿಸಿ ಹೋದೆ. ರಾತ್ರಿಯೇ ಬೇರೆಲ್ಲಾದರೂ ಸಾಗಿಸೋಣ, ಅಪ್ಪನ ಹೊಟೇಲಿನ ಹಿತ್ತಲಿದೆ ಎಂದೆ. ಕಾಕು ನನ್ನನ್ನು ಕೆಕ್ಕರಿಸಿ ನೋಡಿದರು. “ನಾ ಏನು ಕಳುವು ಮಾಡೀನಿ, ಕತ್ತಲದಾಗ ಹೊತ್ತುಕೊಂಡು ಓಡ್ಯಾಡಾಕ? ಹೋಗು, ಊಟಾ ಮಾಡಿ ಮಲಕ್ಕೊ.” ಆದರೆ ಅವರ ಕೈ ಒಂದು ಮರದ ಬುಡದ ಪಾಚಿಯನ್ನು ಒತ್ತಿದಲ್ಲೇ ಒತ್ತುತ್ತಿತ್ತು. ಈ ಕಲ್ಲು ಹೋದರೆ ಕಾಕುವಿಗೆ ಲೋಕದಲ್ಲಿ ಉಳಿಯುವುದು ರೊಟ್ಟಿಯ ಹಂಚು ಮಾತ್ರ ಎಂದು ನನಗೆ ಅವತ್ತು ಗೊತ್ತಾಯಿತು.

ಭಾನುವಾರ ಬೆಳಿಗ್ಗೆ ಗ್ಯಾಲರಿ ತುಂಬಿತ್ತು. ರಜೆಯ ದಿನ, ಪುಕ್ಕಟೆ ತಮಾಷೆ. ಕಾಕು ಮಿಂದು, ಒಗೆದ ಸೀರೆ ಉಟ್ಟು, ಕಲ್ಲಿನ ಪಕ್ಕ ನಿಂತಿದ್ದರು. ಮುನೀಮ್‌ಜಿ ಇಬ್ಬರು ಹಮಾಲರನ್ನು ಕರೆದುಕೊಂಡು ಜಿನೆ ಹತ್ತಿದರು. ಮಾವಶಿ ಸೊಸೆಯ ಕೈಹಿಡಿದು ಮುಂದೆಯೇ ನಿಂತಿದ್ದರು. ಆ ಹುಡುಗಿ ನನ್ನ ವಯಸ್ಸಿನವಳೇ, ಮುಖದಲ್ಲಿ ರಕ್ತವಿರಲಿಲ್ಲ.

ಹಮಾಲರು ಕಲ್ಲಿನತ್ತ ಬರುವಷ್ಟರಲ್ಲಿ ಕಾಕು ಕೈಯೆತ್ತಿದರು. ಕನ್ನಡ, ಮರಾಠಿ, ಹಿಂದಿ ಎಲ್ಲ ಕಲಸಿ ಮಾತಾಡಿದರು. ಎಲ್ಲರಿಗೂ ಎಲ್ಲವೂ ತಿಳಿಯಿತು.

“ಎಲ್ಲಾರೂ ಕೇಳ್ರಿ. ಈ ಕಾಡಿನ್ಯಾಗ ನನ್ನ ಗಿಡಾ ಒಂದೂ ಇಲ್ಲ. ಎಲ್ಲಾ ನಿಮ್ಮವ. ಇದು ಮಾವಶೀದು. ಇದು ಉಡುಪಿಯವರದು. ಇದು ಗುಜರಾತಿ ಭಾಭೀದು. ಇದು ನೋಡ್ರಿ, ನಡೂ ನಿಂತೈತಲಾ, ದೊಡ್ಡದು, ಇದು ನಿಮ್ಮ ಮಾಲಕನ ಹೆಸರಿನ ಕಲ್ಲು ಐತಲಾ ಬಾಗಲದ ಮ್ಯಾಲ, ಅದರ ಸಂದಿಂದು, ಮುನೀಮಜೀ. ನೀವ ನಿಂತು ಕೀಳಿಸಿದ್ರಿ. ರಂಡಿಮುಂಡಿ, ಇಕೀದೇನು ಹೋಗ್ತೈತಿ ಅಂತ ನನ್ನ ಕಡಿಂದ ಕೀಳಿಸಿದ್ರಿ. ಕಿತ್ತೆ. ನನ್ನ ಕೆಲಸ ಅಲ್ಲಿಗೆ ಮುಗೀತು. ಈಗ ಇವು ಬ್ಯಾಡ ಅಂದ್ರ ನಿಮ್ಮ ನಿಮ್ಮ ಗಿಡಾ ನೀವ ಬಂದು, ನಿಮ್ಮ ಕೈಲೇ ಕಿತ್ತುಕೊಂಡು ಹೋಗ್ರಿ. ನಾ ಅಡ್ಡ ಬರೂದಿಲ್ಲ.”

ಇಷ್ಟು ಹೇಳಿ ನಿಜಕ್ಕೂ ಪಕ್ಕಕ್ಕೆ ಸರಿದು, ಟಾಕಿಗೆ ಬೆನ್ನು ಕೊಟ್ಟು ನಿಂತುಬಿಟ್ಟರು.

ಯಾರೂ ಅಲ್ಲಾಡಲಿಲ್ಲ. ಗುಜರಾತಿ ಭಾಭಿ ತನ್ನ ಗಂಡನನ್ನು ನೋಡಿದಳು, ಗಂಡ ಚಪ್ಪಲಿ ನೋಡಿದ. ಅಮ್ಮ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಅಪ್ಪ, “ಹೊಟೇಲಿಗೆ ಹೊತ್ತಾಯ್ತು” ಎಂದು ಯಾರಿಗೋ ಹೇಳಿ ಜಿನೆ ಇಳಿದೇಬಿಟ್ಟರು.

“ಅರೇ, ಹಮಾಲ್ ಕಾಯ್ಕೂ ಲಾಯಾ ಹೈ? ಉಠಾವ್!” ಎಂದರು ಮುನೀಮ್‌ಜಿ.

“ಹಾಂ, ಉಠಾವ್” ಅಂದರು ಕಾಕು ಹಮಾಲರಿಗೆ. “ಪೀಪಲ್ ಹೈ, ಭಾವೂ. ಇಷ್ಟೂ ಪೀಪಲ್. ಮೊದಲ ನಿಮ್ಮ ಸೇಠಗ ಕೇಳ್ರಿ. ಮಜೂರಿ ಅವಂದು, ಪಾಪ ಯಾರದು ಅಂತ.”

ಹಮಾಲರಲ್ಲಿ ಹಿರಿಯವನು ಬಗ್ಗಿ ಎಲೆಗಳನ್ನು ನೋಡಿದ. ಇಷ್ಟು ಚಿಕ್ಕದಾದರೂ ಅರಳಿ ಎಂಬುದು ಗೊತ್ತಾಗಿರಬೇಕು. ಎರಡು ಕಿವಿಗಳನ್ನೂ ಮುಟ್ಟಿಕೊಂಡು, ತಲೆಯ ಮೇಲಿದ್ದ ಸಿಂಬಿ ತೆಗೆದು ಹೆಗಲಿಗೆ ಹಾಕಿಕೊಂಡು ಕೆಳಗಿಳಿದ. ಇನ್ನೊಬ್ಬ ಅವನ ಹಿಂದೆ ಹೋದ. ಮುನೀಮ್‌ಜಿ ಒಬ್ಬರೇ ಉಳಿದರು. ಕಲ್ಲಿನ ಹತ್ತಿರ ಹೋದರು. ನಡುವಿನ ದೊಡ್ಡ ಮರದ ಕಡೆಗೆ ಕೈ ಚಾಚಿದರು. ಅವರ ಕುತ್ತಿಗೆಯಲ್ಲಿ ಬೆವರು ಇಳಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಕೈ ಎಲೆಯ ಹತ್ತಿರ ಹೋಗಿ ನಿಂತಿತು. ಅಲ್ಲಿಂದ ಜೇಬಿಗೆ ಹೋಗಿ ಕರವಸ್ತ್ರ ತೆಗೆಯಿತು.

“ಮಾವಶೀ, ನೀವ ಬರ್ರಿ” ಎಂದರು ಕಾಕು. ದನಿಯಲ್ಲಿ ಚುಚ್ಚು ಇರಲಿಲ್ಲ. “ನಿಮ್ಮ ಮನ್ಯಾಗ ಸಾವಾಗೇತಿ. ಈ ಗಿಡದಿಂದ ಆಗೇತಿ ಅನಸಿದ್ರ ಕೀಳ್ರಿ. ನಾ ಒಂದು ಮಾತು ಅನ್ನೂದಿಲ್ಲ.”

ಮಾವಶಿ ಒಂದು ಹೆಜ್ಜೆ ಮುಂದಿಟ್ಟರು. ಅವರ ಸೊಸೆ ಕೈ ಬಿಡಿಸಿಕೊಂಡಳು. ಮದುವೆಯಾಗಿ ಬಂದಾಗಿನಿಂದ ಅವಳ ದನಿಯನ್ನು ಗ್ಯಾಲರಿ ಕೇಳಿರಲಿಲ್ಲ. “ಪುರೇ ಆತಾ, ಆಯಿ. ಘರೀ ಚಲಾ” ಎಂದಳು. ಸಾಕಿನ್ನು, ಮನೆಗೆ ನಡೆಯಿರಿ. ಅಷ್ಟೇ. ಅತ್ತೆಗೆ ಕಾಯದೆ ಒಳಗೆ ಹೋದಳು. ಮಾವಶಿಯೂ ಹೋದರು. ಅವರ ಹಿಂದೆ ಒಬ್ಬೊಬ್ಬರೇ, ಒಲೆಯ ಮೇಲೆ ಏನೋ ಇಟ್ಟು ಬಂದವರ ಹಾಗೆ, ಎಲ್ಲರೂ ಕರಗಿದರು.

ಗ್ಯಾಲರಿ ಖಾಲಿಯಾದ ಮೇಲೆ ಕಾಕು ಟಾಕಿಯ ಬುಡದಲ್ಲಿ ಕೂತುಬಿಟ್ಟರು. “ಬಾಯಿ ಒಣಗೇತಿ. ನಿಮ್ಮವ್ವಗ ಒಂದಿಷ್ಟು ಚಾ ಮಾಡಂತ ಹೇಳು” ಅಂದರು. ಅಮ್ಮ ಚಹಾ ಮಾಡಿದಳು, ಶುಂಠಿ ಜಜ್ಜಿ ಹಾಕಿದಳು.

ಪಾಪ ಎಂಬುದು ನಿಜವಾಗಿ ಇದೆಯಾ ಎಂದು ಆಮೇಲೆ ಒಮ್ಮೆ ಕೇಳಿದೆ. “ನನಗ ಹೆಂಗ ಗೊತ್ತು? ಐತಿ ಅಂತ ಅವರಿಗೆ ಗೊತ್ತಿತ್ತು, ನನಗ ಅಷ್ಟ ಸಾಕಾಗಿತ್ತು” ಅಂದರು.

ಮರುವರ್ಷ ನಾನು ನರ್ಸಿಂಗ್ ಸೇರುತ್ತೇನೆಂದು ಮನೆಯಲ್ಲಿ ಹೇಳಿದೆ. ಪರಪುರುಷರ ಮೈ ಮುಟ್ಟುವ ಕೆಲಸ, ಜಾತಿಕುಲ ಇಲ್ಲದ ಕೆಲಸ ಎಂದು ಅಪ್ಪ ಕೂಗಾಡಿದರು. ಅಮ್ಮ ಊಟ ಬಿಟ್ಟಳು. ನಾನು ಯಾರೊಡನೆಯೂ ವಾದ ಮಾಡಲಿಲ್ಲ. ಹೇಳಬೇಕಾದುದನ್ನು ಒಮ್ಮೆ ಹೇಳಿ ಪಕ್ಕಕ್ಕೆ ಸರಿದು ನಿಂತೆ. ನಿಲ್ಲುವುದು ಹೇಗೆಂದು ನೋಡಿ ಕಲಿತಿದ್ದೆನಲ್ಲ. ಅವರೇ ದಣಿದರು. ನಾನು ಹಾಸ್ಟೆಲಿಗೆ ಹೋದೆ.

ಹಾಸ್ಟೆಲಿನ ನಿಯಮ ಕಟ್ಟುನಿಟ್ಟು. ಮನೆಗೆ ಬರುವುದು ಅಪರೂಪ. ಬಂದಾಗಲೆಲ್ಲ ಮೊದಲು ಗ್ಯಾಲರಿಯ ತುದಿಗೆ. ಕಾಡು ಪ್ರತಿಸಲವೂ ಹಳತಾಗಿರುತ್ತಿತ್ತು. ಬೇರುಗಳು ಒಂದರೊಳಗೊಂದು ಹೊಕ್ಕು ಎಲ್ಲ ಮರಗಳಿಗೂ ಒಂದೇ ಬುಡವಾದಂತಾಗಿತ್ತು. ಯಾರ ಗೋಡೆಯ ಮರ ಯಾವುದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಕಾಕುವಿಗೆ ಗೊತ್ತಾಗುತ್ತಿತ್ತು.

ನನ್ನ ತರಬೇತಿಯ ಕೊನೆಯ ವರ್ಷ, ಬೇಸಿಗೆಯ ನಡುವಿನಲ್ಲಿ, ಕಾಕುವಿಗೆ ವಿಷಮಜ್ವರ ಬಂತು. ರೊಟ್ಟಿಯ ಗಂಡಸರು ಅವರನ್ನು ದೂರದ ಸರಕಾರಿ ಆಸ್ಪತ್ರೆಗೆ ಸೇರಿಸಿದರು. ನನಗೆ ಸುದ್ದಿ ಮುಟ್ಟಿದ್ದು ಅವರು ಬಿಡುಗಡೆಯಾಗುವ ಹೊತ್ತಿಗೆ. ರಜೆ ಪಡೆದು ಹೋಗಿ ಅವರನ್ನು ಕರೆದುಕೊಂಡು ಬಂದೆ. ಮೈಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ. ಜಿನೆಯ ಮೇಲೆ ಎರಡು ಸಲ ಕೂತರು. ಖೋಲಿಯ ಬೀಗ ತೆಗೆಯದೆ ನೇರ ಟಾಕಿಯ ಹತ್ತಿರ ಹೋದರು.

ಕಾಡು ಒಣಗಿ ನಿಂತಿತ್ತು. ಉಗುರಿನಷ್ಟು ಚಿಕ್ಕ ಎಲೆಗಳು ಕಲ್ಲಿನ ಮೇಲೆ, ನೆಲದ ಮೇಲೆ, ಕಟಾಂಜನದ ಸಂದಿಯಲ್ಲಿ ಉದುರಿ ಬಿದ್ದಿದ್ದವು. ನಾನು ಒಂದು ಕೊಂಬೆಯನ್ನು ಉಗುರಿನಿಂದ ಗೀರಿ ನೋಡಿದೆ. ಹಸಿರಿರಲಿಲ್ಲ. ಬೆರಳೆತ್ತರದ ಮಣ್ಣು, ಮೇ ತಿಂಗಳ ಬಿಸಿಲಿಗೆ ಒಂದು ದಿನ ನೀರು ತಪ್ಪಿದರೂ ಕಷ್ಟ. ಪಕ್ಕದಲ್ಲೇ ಇಡೀ ಚಾಳಿನ ನೀರಿನ ಟಾಕಿ.

ಅಮ್ಮನ ಮೇಲೆ ಹರಿಹಾಯ್ದೆ. ಒಂದು ಚೊಂಬು ನೀರು ಹಾಕಲಾಗಲಿಲ್ಲವಾ? ಅಮ್ಮ ಅಳತೊಡಗಿದಳು. “ದಿನಾ ನೋಡ್ತಿದ್ದೆ ಮಾರಾಯ್ತಿ. ಚೊಂಬು ತೆಕ್ಕೊಂಡು ಅರ್ಧ ದಾರಿಗೆ ಹೋಗಿದ್ದೆ ಸಹ. ಮುಟ್ಟುವುದು ಹೇಗೆ? ಮುಟ್ಟಿದ ಮೇಲೆ ಸತ್ತು ಹೋದರೆ ನನ್ನ ಕೈಯಲ್ಲಿ ಸತ್ತ ಹಾಗೆ ಆಗ್ತದಲ್ಲ... ನಾನು ಒಬ್ಬಳೇ ಅಲ್ಲ, ಎಲ್ಲರೂ ಹಾಗೆಯೇ.” ಅವಳು ಸುಳ್ಳು ಹೇಳುವವಳಲ್ಲ. ಕೀಳಲು ಹೆದರಿದ ಕೈಗಳು ನೀರು ಹಾಕಲೂ ಹೆದರಿದ್ದವು.

ಕಾಕುವಿಗೆ ಇದನ್ನು ನಾನು ಹೇಳಲಿಲ್ಲ. ಅವರು ಆಗಲೇ ಊಹಿಸಿದ್ದರು. ಅವರು ಅಳಲಿಲ್ಲ. ಯಾರನ್ನೂ ಬಯ್ಯಲಿಲ್ಲ. ಒಂದೊಂದೇ ಕಾಂಡವನ್ನು ಹೆಬ್ಬೆರಳಿನಿಂದ ಸವರುತ್ತ ಬಹಳ ಹೊತ್ತು ಕೂತರು. ಎದ್ದವರೇ, “ಒಂದು ಛತ್ರಿ ಕಡ್ಡಿ ಬೇಕಲಾ, ನಂದು ಎಲ್ಲಿ ಹೋತೋ” ಅಂದರು. ಮಳೆಗಾಲ ಹದಿನೈದು ದಿನದಾಚೆ ಇತ್ತು. ಗೋಡೆ ಹಿಡಿದು ನಡೆಯುವ ಸ್ಥಿತಿಯಲ್ಲೇ ಒಂದೊಂದು ಬಾಗಿಲಿಗೂ ಹೋಗಿ, “ಗ್ವಾಡ್ಯಾಗ ಏನರೆ ಹುಟ್ಟೈತೇನು ನೋಡ್ರಿ. ಹುಟ್ಟಿದ್ರ ಕರೀರಿ. ನಂದೇನು ಹೋಗ್ತೈತಿ?” ಎಂದು ಹೇಳಿ ಬಂದರು. ಅವರದೇ ಮಾತನ್ನು ಅವರವರ ಬಾಗಿಲಿಗೇ ತಿರುಗಿಸಿ ಕೊಟ್ಟು ಬಂದರು. ಆ ಮಳೆಗಾಲದಲ್ಲಿ ಚಾಳು ಅವರನ್ನು ಕರೆಯಿತು. ಮೊದಲು ಕರೆದದ್ದು ಮಾವಶಿಯ ಸೊಸೆ ಎಂದು ಅಮ್ಮ ಹೇಳಿದಳು.

ಆಮೇಲೆ ನನಗೆ ಬೇರೆ ಊರಿನಲ್ಲಿ ಕೆಲಸವಾಯಿತು. ನಾನಿಲ್ಲದಾಗ ಮಾಲೀಕ ಚಾಳಿನ ಸುಣ್ಣದ ಗೋಡೆಗಳಿಗೆಲ್ಲ ಸಿಮೆಂಟ್ ಹಚ್ಚಿಸಿದ. ಒಂದು ಬಿರುಕೂ ಉಳಿಯಲಿಲ್ಲ. ಕಾಕುವಿಗೂ ರೊಟ್ಟಿ ಬಡಿಯುವ ಶಕ್ತಿ ಉಳಿದಿರಲಿಲ್ಲ. ಮೈದುನನ ಮಗ ಭಾಂಡುಪ್‌ನಲ್ಲಿ ಕಾರ್ಖಾನೆ ಸೇರಿದ್ದ. ಅವನೇ ಬಂದು ಕರೆದೊಯ್ದನಂತೆ. ರಜೆಗೆ ಬಂದಾಗ ವಿಚಾರಿಸಿಕೊಂಡು ಹೋದೆ. ಕಾರ್ಖಾನೆಯ ಹೊಗೆಯ ನಡುವೆ ಒಂದು ಖೋಲಿ. ಕಿಟಕಿಯಲ್ಲಿ ಡಬ್ಬಿಗಳು, ಎಳೆಯ ಅರಳಿಗಳು. ಕಾಕುವಿನ ಕಣ್ಣು ಮಂಜಾಗಿತ್ತು. ಎಲೆಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ನಮ್ಮ ಚಾಳಿಗೆ ಸಿಮೆಂಟ್ ಬಳಿದದ್ದರ ಬಗ್ಗೆ ನಾನು ಹಲುಬಿದೆ. ಕಾಕು ಹಳೆಯ ದನಿಯಲ್ಲೇ ನಕ್ಕರು.

“ಗ್ವಾಡಿಗೆ ಹಚ್ಚಲಿ ತಗೀ. ಹಕ್ಕಿ ಮುಕಳಿಗೆ ಸಿಮೆಂಟ್ ಹಚ್ಚಲಾಕ ಆಗ್ತೈತೇನು ಅವಂಗ?”

ನಾನೂ ನಕ್ಕೆ. ಇವು ಕಾಡಾಗಲು ಎಷ್ಟು ವರ್ಷ ಬೇಕು ಎಂದು ಕೇಳಿದೆ. ಕೇಳಬಾರದಿತ್ತೇನೋ. “ನಾ ಇರೂದಿಲ್ಲ ಬಿಡು” ಅಂದರು ಸಹಜವಾಗಿ. “ಹಂಗಂತ ಹಚ್ಚದ ಬಿಡಲೇನು?” ನಾನು ಹೊರಡುವಾಗ ಒಂದು ಗಿಡದ ಕುಡಿ ಎಲ್ಲಿ ಚಿವುಟಬೇಕೆಂದು ನನ್ನ ಬೆರಳು ಹಿಡಿದು ತೋರಿಸಿದರು.

ಮುಂದಿನ ಸಲ ನಾನು ಹೋದಾಗ ಕಾಕು ಇರಲಿಲ್ಲ. ಮನೆಯವರು ಒಳ್ಳೆಯವರು, ಕೂರಿಸಿ ಚಹಾ ಕೊಟ್ಟರು. ಡಬ್ಬಿಗಳ ಬಗ್ಗೆ ಕೇಳಿದೆ. ಅರಳಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬಾರದಂತಲ್ಲ, ಒಯ್ದು ರೈಲುಹಳಿಯ ಪಕ್ಕ ಇಟ್ಟು ಬಂದೆವು ಎಂದರು. ಅಲ್ಲಿಯವರೆಗೂ ನಡೆದು ಹೋಗಿ ನೋಡಿದೆ. ಏನೂ ಇರಲಿಲ್ಲ...

ಈಗ ಊರಿನ ದೊಡ್ಡ ಸಭಾಗೃಹಗಳಲ್ಲಿ ಕುಬ್ಜವೃಕ್ಷಗಳ ಪ್ರದರ್ಶನ ನಡೆಯುತ್ತದೆ. ಚೆಂದದ ಪಿಂಗಾಣಿ ತಟ್ಟೆಗಳಲ್ಲಿ ಕಾಡು ನಿಲ್ಲಿಸಿರುತ್ತಾರೆ. ನಾನು ಹೋಗುತ್ತೇನೆ, ಒಂದೊಂದನ್ನೂ ಬಗ್ಗಿ ನೋಡುತ್ತೇನೆ, ಒಳ್ಳೆಯದಿದ್ದರೆ ಒಳ್ಳೆಯದು ಅನ್ನುತ್ತೇನೆ. ಆದರೆ ಕಾಕುವಿನ ಕಾಡಿನ ಮುಂದೆ ಅವುಗಳನ್ನು ಇಡಲಾರೆ, ಇಡುವುದೂ ಇಲ್ಲ. ಅದರದ್ದು ಒಂದು ಫೋಟೋ ಸಹ ಇಲ್ಲ. ಅದನ್ನು ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟು ಯಾರು ಉಳಿದಿದ್ದಾರೋ ಗೊತ್ತಿಲ್ಲ. ಅಪ್ಪ ಅಮ್ಮ ಹೋಗಿ ಎಷ್ಟೋ ಕಾಲವಾಯಿತು. ನನಗೂ ವಯಸ್ಸಾಗಿದೆ. ಇದನ್ನು ಬರೆದು ಏನು ಪ್ರಯೋಜನ, ಯಾರು ಓದುತ್ತಾರೆ ಎಂದು ಮನೆಯ ಕಿರಿಯರು ಕೇಳಿದರು. ಓದದಿದ್ದರೆ ಬೇಡ. ನಾನು ಬರೆದೆ.